ಹಸಿರು ಡ್ರಮ್ಮಿನ ಮೊದಲ ಕ್ಯಾನು

ಡ್ರಮ್ಮಿಗೆ ಎಂಟು ಸಾವಿರ. ಅದು ಕಂಪನಿಯ ಲೆಕ್ಕ. ಬ್ಯಾನರಿಗೆ ಒಂಬೈನೂರು; ಅದು ಕೃಷಿ ಇಲಾಖೆಯ ಲೆಕ್ಕ. ಪೆಂಡಾಲು, ಹಾರ, ಶಿರಾ, ಉಪ್ಪಿಟ್ಟು ಸೇರಿ ನಾಲ್ಕು ಸಾವಿರದ ಮುನ್ನೂರು. ಯಾರ ಲೆಕ್ಕಕ್ಕೂ ಬಾರದ್ದರಿಂದ ಅದು ಕಾಶಿನಾಥನ ಲೆಕ್ಕ. ಕೊಣ್ಣೂರಿನಲ್ಲಿ ಬೀಜ, ಗೊಬ್ಬರ, ಎಣ್ಣೆ ಮಾರುವ ಅಂಗಡಿ ಅವನದು. ಬೆಳೆಗೆ ಹೊಡೆಯುವ ವಿಷಕ್ಕೆ ಆ ಕಡೆ ಎಣ್ಣೆ ಎಂದೇ ಹೆಸರು. ರೈತರು ಖಾಲಿಯಾದ ಎಣ್ಣೆ ಕ್ಯಾನುಗಳನ್ನು ತೊಳೆದು, ತೂತು ಹೊಡೆದು, ಅಂಗಡಿಯ ಮುಂದಿನ ಹಸಿರು ಪ್ಲಾಸ್ಟಿಕ್ ಡ್ರಮ್ಮಿಗೆ ತಂದು ಹಾಕಬೇಕು. ಮತ್ತೆ ಮನೆಬಳಕೆಗೆ ಇಟ್ಟುಕೊಳ್ಳಬಾರದು. ಇದು ಯೋಜನೆ. ಉದ್ಘಾಟನೆ ಚೆನ್ನಾಗಿ ನಡೆದರೆ ಇಡೀ ತಾಲೂಕಿನ ಏಜೆನ್ಸಿ ನಿಮಗೇ ಎಂದು ಎಣ್ಣೆ ಕಂಪನಿಯ ಸ್ವಪ್ನಿಲ್ ಮಾತು ಕೊಟ್ಟಿದ್ದ. ಕಾಶಿನಾಥ ಅಂಗಿಯ ಇಸ್ತ್ರಿ ಕೆಟ್ಟೀತೆಂದು ಬೆಳಿಗ್ಗೆಯಿಂದ ಕೂತಿರಲಿಲ್ಲ.

ಭಾಷಣಗಳಾದವು. ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಕಾಶಿನಾಥನೇ. "ಎಣ್ಣಿ ಕ್ಯಾನಿನಾಗ ಕುಡಿಯೂದು, ತಿನ್ನೂದು ಏನೂ ಇಡಬ್ಯಾಡ್ರಿ. ಎಷ್ಟ ತೊಳದ್ರೂ ವಿಷ ಅಂದ್ರ ವಿಷಾನ!" ಜನ ಚಪ್ಪಾಳೆ ತಟ್ಟಿದರು. ಬಿಸಿಲಿಗೆ ಬೆವೆತ ಇಬ್ಬರು ಅತಿಥಿಗಳಿಗೆ ಪೆಂಡಾಲಿನ ಹಿಂದಿನಿಂದ ಸ್ಟೀಲಿನ ಗ್ಲಾಸುಗಳಲ್ಲಿ ಮಜ್ಜಿಗೆ ಬಂತು. ಕಾಶಿನಾಥನ ತಾಯಿ ಬಾಳವ್ವನ ಕೈಯ ಮಜ್ಜಿಗೆ. ಇಲಾಖೆಯ ಅಧಿಕಾರಿ ಅನುರಾಧಾ ಒಂದು ಗ್ಲಾಸು ಕುಡಿದರು. ಸ್ವಪ್ನಿಲ್ ಎರಡು ಕುಡಿದು, ಭಾಳ ಛಲೋ ಐತಿ ಎಂದ.

ಕಬ್ಬು ಬೆಳೆಯುವ ಉದ್ದಪ್ಪ ಎದ್ದು ನಿಂತ. "ಎಲ್ಲಾ ಖರೇರಿ. ಈ ಡ್ರಮ್ ತುಂಬಿದ ಮ್ಯಾಲ ಒಯ್ಯಾವ್ರ ಯಾರು?"

"ಇಲಾಖೆದವ್ರು," ಎಂದ ಸ್ವಪ್ನಿಲ್.

"ಇಲ್ರಿ. ಮಾಲ ಮಾಡಿದ ಕಂಪನಿನ ಒಯ್ಯಬೇಕು," ಎಂದರು ಅನುರಾಧಾ.

"ಡ್ರಮ್ ನಾವ ಕೊಟ್ಟೇವಲ್ರಿ ಮೇಡಂ."

"ಬ್ಯಾನರ್ ನಾವ ಕೊಟ್ಟೇವಲ್ರಿ."

ಉದ್ದಪ್ಪ ಕಾಶಿನಾಥನ ಕಡೆ ತಿರುಗಿದ. "ಅಂದ್ರ ಸಾವ್ಕಾರ್ರ, ಇದು ನಿಮ್ಮ ಕೊರಳಿಗೇ ಬಿತ್ತು." ಎಲ್ಲರೂ ನಕ್ಕರು. ಕಾಶಿನಾಥನೂ, ಏಜೆನ್ಸಿಯನ್ನು ನೆನೆದು, ನಕ್ಕ.

ಫೋಟೊ ತೆಗೆಸಲು ನಿಂತಾಗ ಗೊತ್ತಾಯಿತು: ಡ್ರಮ್ಮಿಗೆ ಹಾಕಲು ಒಂದೇ ಒಂದು ಖಾಲಿ ಕ್ಯಾನು ಇರಲಿಲ್ಲ. ಎಲ್ಲ ಸಿದ್ಧ ಮಾಡಿದ್ದ ಕಾಶಿನಾಥ ಅದನ್ನೇ ಮರೆತಿದ್ದ. ಉದ್ದಪ್ಪನ ಕ್ಯಾನಿನಲ್ಲಿ ಡೀಸೆಲ್ ಇತ್ತು. ಇನ್ನೊಬ್ಬ, "ನಮ್ಮದು ಮುಂಜಾನೆ ಬಯಲಕಡಿ ಹೋಗಾಕ ಬೇಕ್ರಿ, ಕೊಡಾಕ ಆಗೂದಿಲ್ಲ," ಎಂದುಬಿಟ್ಟ. ಊರಿನಲ್ಲಿ ಕ್ಯಾನು ಬೇಕಾದಷ್ಟಿದ್ದವು; ಖಾಲಿ ಮಾತ್ರ ಒಂದೂ ಇರಲಿಲ್ಲ.

ಆಗ ಪೆಂಡಾಲಿನ ಹಿಂದಿನಿಂದ ಬಾಳವ್ವ ಬಂದಳು, ಸೊಂಟದ ಮೇಲೆ ಐದು ಲೀಟರಿನ ಬಿಳಿ ಕ್ಯಾನು. "ಕ್ಯಾನ ಬೇಕೇನೋ ಕಾಶ್ಯಾ? ತಡಿ, ಇನ್ನ ಒಂದೀಟ ಮಜ್ಜಿಗಿ ಐತಿ. ಸಾಹೇಬ್ರಿಗೆ ಹಾಕಿ ಖಾಲಿ ಮಾಡಿ ಕೊಡ್ತೇನಿ."

ಕ್ಯಾನಿನ ಮೈಮೇಲೆ ಅರ್ಧ ಕಿತ್ತ ಚೀಟಿಯಲ್ಲಿ ತಲೆಬುರುಡೆಯ ಒಂದು ಕಣ್ಣು ಇನ್ನೂ ಅಂಟಿಕೊಂಡಿತ್ತು. ಅದನ್ನು ಕಾಶಿನಾಥನೊಬ್ಬನೇ ನೋಡಿದ. ಸ್ವಪ್ನಿಲ್ ಫೋಟೊದವನ ಕಡೆ ನೋಡುತ್ತಲೇ ಮೂರನೆಯ ಸಲ ಗ್ಲಾಸು ಮುಂದೆ ಮಾಡಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಏಜೆನ್ಸಿ ಬರುತ್ತಿತ್ತು. ಕಾಶಿನಾಥನಿಗೆ ಬಾಯಿ ಮುಚ್ಚಿಕೊಳ್ಳಲು ಆಗಲಿಲ್ಲ.

"ಕುಡೀಬ್ಯಾಡ್ರಿ ಸಾಹೇಬ್ರ! ಅದು ಎಣ್ಣಿ ಕ್ಯಾನು."

ಸ್ವಪ್ನಿಲ್ ಥಟ್ಟನೆ ಗ್ಲಾಸು ಹಿಂದಕ್ಕೆಳೆದ. ಬಾಳವ್ವನಿಗೆ ಸಿಟ್ಟು ಬಂತು. "ಏನೂ ಆಗೂದಿಲ್ರಿ. ಬೂದಿ ಹಚ್ಚಿ, ಹುಣಸಿಹಣ್ಣ ಹಚ್ಚಿ ತಿಕ್ಕೇನಿ. ನಾಕ ವರ್ಷ ಆತು, ದಿನಾ ಇದರಾಗ ಹೊಲಕ್ಕ ಬುತ್ತಿ ಜೋಡಿ ಮಜ್ಜಿಗಿ ಹೋಗ್ತೈತಿ. ಈ ಕಾಶ್ಯಾನ ತಂದ ಕೊಟ್ಟಾನ್ರಿ, ಮುಚ್ಚಳ ಭಾಳ ಗಟ್ಟಿ ಐತೆವ್ವಾ ಅಂತ."

ಎಲ್ಲರೂ ಕಾಶಿನಾಥನನ್ನು ನೋಡಿದರು. ಈಗ ಅವನಿಗೆ ಕೂರಬೇಕೆನಿಸಿತು. ಇಸ್ತ್ರಿ ಕೆಟ್ಟರೂ ಚಿಂತೆಯಿರಲಿಲ್ಲ.

ಅನುರಾಧಾ ತಮ್ಮ ಖಾಲಿ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು. "ನಿಮ್ಮ ಕಂಪನಿ ಮಾಲು ನಿಮ್ಮ ಕಂಪನಿಗೇ ವಾಪಸ್ ಬಂತು ನೋಡ್ರಿ ಸ್ವಪ್ನಿಲ್. ಯೋಜನೆ ಅಂದ್ರ ಇದ ಅಲ್ಲೇನ್ರಿ?"

"ನಿಮ್ಮ ಇಲಾಖೆಗೂ ಒಂದ ಗ್ಲಾಸ್ ಹೋಗೇತ್ರಿ ಮೇಡಂ," ಎಂದ ಸ್ವಪ್ನಿಲ್, ಹೊಟ್ಟೆ ಹಿಡಿದುಕೊಂಡು.

ಆ ಮಧ್ಯಾಹ್ನ ಸರ್ಕಾರ, ಕಂಪನಿ, ಅಂಗಡಿಯವ, ಅಂಗಡಿಯವನ ತಾಯಿ ಒಂದೇ ಜೀಪಿನಲ್ಲಿ ಘಟಪ್ರಭಾದ ಡಾಕ್ಟರರ ಬಳಿ ಹೋದರು. ದಾರಿಯಲ್ಲಿ ಬೈಗುಳಗಳೆಲ್ಲ ಕಾಶಿನಾಥನ ಪಾಲಿಗೆ ಬಂದವು. ಆ ಒಂದು ವಿಷಯದಲ್ಲಿ ಇಲಾಖೆಗೂ ಕಂಪನಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಡಾಕ್ಟರು ನಾಲ್ವರ ರಕ್ತವನ್ನೂ ತಪಾಸಣೆ ಮಾಡಿಸಿ, ಸದ್ಯಕ್ಕೆ ಏನೂ ಇಲ್ಲ ಎಂದರು. ಊರಿಗೆ ಬಂದ ಮೇಲೆ ಕಾಶಿನಾಥ ಕಬ್ಬಿಣದ ಸರಳು ಕಾಸಿ ಕ್ಯಾನಿನ ತಳಕ್ಕೆ ತೂತು ಹೊಡೆದು ಡ್ರಮ್ಮಿಗೆ ಹಾಕಿದ. ಫೋಟೊದವನು ಆಗಲೇ ಹೋಗಿದ್ದ. ತಾಯಿಗೆ ಸ್ಟೀಲಿನ ಕ್ಯಾನು ತಂದುಕೊಟ್ಟ.

ಊರು ಒಂದು ತಿಂಗಳು ನಕ್ಕಿತು. ನಗುತ್ತಲೇ ಒಬ್ಬೊಬ್ಬರಾಗಿ ತಮ್ಮ ಮನೆಯ ಕ್ಯಾನು ತಂದು ಹಾಕಿ ಹೋದರು. ಭಾಷಣಕ್ಕೆ ತುಂಬದ ಡ್ರಮ್ಮು ಮಜ್ಜಿಗೆಯ ಸುದ್ದಿಗೆ ತುಂಬಿತು. ತುಂಬಿದ್ದನ್ನು ಒಯ್ಯಿರೆಂದು ಕಾಶಿನಾಥ ಕಂಪನಿಗೆ ಫೋನ್ ಮಾಡಿದ; ಇಲಾಖೆಯವರನ್ನು ಕೇಳಿ ಎಂದರು. ಇಲಾಖೆಗೆ ಮಾಡಿದ, ಕಂಪನಿಯವರನ್ನು ಕೇಳಿ ಎಂದರು. ಬಾಳವ್ವ ಅಂಗಡಿಗೆ ಬಂದವಳು ಡ್ರಮ್ಮಿನ ಸುತ್ತ ಒಮ್ಮೆ ತಿರುಗಿ, ಬೆರಳಿನಿಂದ ಬಡಿದು ನೋಡಿದಳು.

"ಯಾರೂ ಒಯ್ಯಾಂಗಿಲ್ಲಂದ್ರ ಆ ತೂತಿನ ಕ್ಯಾನ್ ತಗದ ಚೀಲಕ್ಕ ತುಂಬಿಡು. ಡ್ರಮ್ ಮನಿಗೆ ತಗೊಂಡ ಬಾರಪಾ, ಗಟ್ಟಿ ಐತಿ. ಮೂರ ಚೀಲ ಜ್ವಾಳ ಆರಾಮ ಹಿಡಿತೈತಿ."

ಕಾಶಿನಾಥ ಒಳಗೆ ಹೋಗಿ ಮತ್ತೆ ಸರಳು ಕಾಸಿ ತಂದು ಡ್ರಮ್ಮಿಗೂ ಸುತ್ತಲೂ ತೂತು ಹೊಡೆದ. ಏಜೆನ್ಸಿ ಬೇರೆಯವರಿಗೆ ಹೋಯಿತು. ಎಂಟು ಸಾವಿರದ ಡ್ರಮ್ಮು ಕೆಟ್ಟಿತು. ಮನೆಯ ಜೋಳ ಉಳಿಯಿತು.