ಹದಿನಾಲ್ಕು ಚಾಲಕರ ಒಂದೇ ಎದೆ

"ಒಬ್ಬನೇ ಎಲ್ಲಾರ ಹೆಸರಿನ್ಯಾಗ ಮಲಗ್ಯಾನ. ಯಾವ ಮಗ ಅಂವ?"

ಲಾರಿ ಮಾಲೀಕ ಅಂಬರೇಶ ಮೇಜು ಗುದ್ದಿದ. ಎದುರಿಗೆ ಅವನ ಹದಿನಾಲ್ಕು ಮಂದಿ ಚಾಲಕರು ನಿಂತಿದ್ದರು. ಹೊರಗೆ ವಾಡಿಯ ಬಿಸಿಲಿನಲ್ಲಿ, ಸಿಮೆಂಟು ತುಂಬಿದ ಹದಿನಾಲ್ಕು ಲಾರಿಗಳೂ ನಿಂತಿದ್ದವು.

ಹೋದ ತಿಂಗಳು ಚಿಂಚೋಳಿ ರಸ್ತೆಯಲ್ಲಿ ಅವನ ಚಾಲಕನೊಬ್ಬ ಎದೆ ಹಿಡಿದು ಸ್ಟೀರಿಂಗ್ ಮೇಲೆಯೇ ಕುಸಿದಿದ್ದ. ಲಾರಿ ತೊಗರಿ ಹೊಲಕ್ಕೆ ನುಗ್ಗಿತ್ತು. ಅಂದಿನಿಂದ ಅಂಬರೇಶನಿಗೆ ರಸ್ತೆ ಸುರಕ್ಷತೆಯ ಮೇಲೆ ಭಕ್ತಿ ಹುಟ್ಟಿತು. ಹೃದಯ ತಪಾಸಣೆ ಶಿಬಿರ ಏರ್ಪಡಿಸಿದ, ತಾನೇ ಉದ್ಘಾಟಿಸಿದ, ಪತ್ರಿಕೆಗೆ ಫೋಟೊ ಕೊಟ್ಟ. ಶಿಬಿರ ಮುಗಿದದ್ದೇ ತಡ, ನಿದ್ದೆಗೆಟ್ಟ ಚಾಲಕರನ್ನು ಮತ್ತೆ ಲೋಡಿಗೆ ಅಟ್ಟಿದ.

ಈಗ ಕಲಬುರಗಿಯಿಂದ ಇಸಿಜಿ ವರದಿ ಬಂದಿತ್ತು. ಹದಿನಾಲ್ಕರಲ್ಲೂ ಒಂದೇ ಗೆರೆ. ಕೆಳಗೆ ಡಾಕ್ಟರರ ಒಂದೇ ಮಾತು: ಹೃದಯಕ್ಕೆ ತೀವ್ರ ತೊಂದರೆ, ವಾಹನ ನಡೆಸಕೂಡದು. ಒಬ್ಬನೇ ಎಲ್ಲರ ಬದಲು ಇಸಿಜಿಗೆ ಮಲಗಿದ್ದಾನೆಂದು ಅಂಬರೇಶನ ಗುಮಾನಿ.

ಚಾಲಕರ ಸಾಲಿನಲ್ಲಿದ್ದ ದಂಡೋತಿಯ ನಾಮದೇವ ಬೆವೆತ. ಮೂರು ತಿಂಗಳಿಂದ ಕ್ಯಾಬಿನ್ ಹತ್ತುವಾಗಲೆಲ್ಲ ಅವನ ಎದೆ ಹಿಂಡುತ್ತಿತ್ತು. ಕೆಲಸ ಹೋದೀತೆಂದು ಹೆದರಿ, ಶಿಬಿರದಲ್ಲಿ ತನ್ನ ಹೆಸರಿಗೆ ಜೊತೆಯ ಚಾಲಕ ಮಶಾಕನನ್ನು ಮಲಗಿಸಿದ್ದ. ಎರಡು ಸಿಮೆಂಟ್ ಚೀಲ ಒಟ್ಟಿಗೆ ಹೊರುವ ಆಸಾಮಿ ಮಶಾಕ.

"ತಪ್ಪಾತ್ರಿ ಮಾಲಕ್ರ," ಎಂದ ನಾಮದೇವ. "ನನ್ನ ಬದ್ಲಿ ಮಶಾಕ ಮಲಗ್ಯಾನ."

"ಎರಡೇ ಸಲ ಮಲಗೀನ್ರಿ! ನಂದೊಂದು, ಇವರದೊಂದು." ಮಶಾಕನ ಮುಖ ಬಿಳಿಚಿತು. "ಅಂದ್ರ ಈ ಬ್ಯಾನಿ ನಂದಾ, ಅಣ್ಣಾ? ನನ್ನ ಮಕ್ಕಳು ಭಾಳ ಸಣ್ಣವು."

ತನ್ನ ಸಾವನ್ನೇ ಗೆಳೆಯನ ತಲೆಗೆ ಕಟ್ಟಿದಂತೆನಿಸಿ ನಾಮದೇವ ಅವನ ಕೈ ಹಿಡಿದುಕೊಂಡ. "ಎದಿ ನೋವು ನನಗ ಆಗಾಕತ್ತದ, ಮಶಾಕ. ಇವತ್ತೇ ದವಾಖಾನಿಗಿ ಹೋಗೂಣು. ಇಬ್ರೂ ತೋರಿಸ್ಕೊಳ್ಳೂಣು. ನೌಕರಿ ಹೋದ್ರ ಹೋಗ್ಲಿ."

ಅಂಬರೇಶ ಬಿಡಲಿಲ್ಲ. ಇಸಿಜಿ ತೆಗೆದ ಸುರೇಶಕುಮಾರನನ್ನು ಶಹಾಬಾದಿನಿಂದ ಕರೆಸಿ, ಮಶಾಕನತ್ತ ಬೆರಳು ತೋರಿಸಿದ.

"ಎಲ್ಲಾರ ಹೆಸರಿನ್ಯಾಗ ಮಲಗಿದಂವ ಇಂವನೇ ಏನು?"

ಸುರೇಶಕುಮಾರ ತಲೆ ತಗ್ಗಿಸಿದ. "ಅಲ್ರಿ. ಮಲಗಾಕ ಎಲ್ಲಾರೂ ಮಲಗಿದ್ರು. ಮೊದಲನೇವ್ರದು ತೆಗೆದ ಕೂಡ್ಲೇ ಮಿಷನ್ ಕೆಟ್ಟಿತ್ರಿ. ಅವರ ಇಸಿಜಿ ಪಟ್ಟಿನೇ ಝೆರಾಕ್ಸ್ ಮಾಡಿ ಎಲ್ಲಾರ ಹೆಸರಿಗೂ ಕಳಸೀನಿ."

"ಮೊದಲು ಮಲಗಿದ ಮಗ ಯಾರು?"

"ನೀವೇ ರೀ, ಮಾಲಕ್ರ. ಉದ್ಘಾಟನಿ ಫೋಟೊಕ್ಕ."