4417ರ ಜೋಡಿ

ಇದು ನಡೆದದ್ದೇ, ನನ್ನ ಕಣ್ಣಾಣೆ. ಸುಳ್ಳಾದರೆ ನನ್ನ ಹಲ್ಲುಸೆಟ್ಟನ್ನು ನಾನೇ ನುಂಗುತ್ತೇನೆ.

ಒಹಾಯೋದ ಬಂದೂಕು ಸಂತೆಯಲ್ಲಿ ಮೊದಲ ಟೇಬಲ್ಲಿಗೇ ಮರ್ಲ್ ಹ್ಯಾಸ್ಕೆಟ್ ಕುಣಿದುಬಿಟ್ಟ. ಅವನ ಅಜ್ಜ ಮೊದಲ ಮಹಾಯುದ್ಧದಿಂದ ತಂದ ಜರ್ಮನ್ ಪಿಸ್ತೂಲಿನ ನಂಬರು 4417. ಅದಕ್ಕೆ ಗುಂಡು ತುಂಬುವ ಮ್ಯಾಗಜೀನು ಎರಡು. ಎರಡರ ಮರದ ತಳದಲ್ಲೂ ಅದೇ ನಂಬರು, ಎರಡನೆಯದಕ್ಕೆ ಮಾತ್ರ ಪಕ್ಕದಲ್ಲೊಂದು ಕೂಡಿಸುವ ಗುರುತು. ಆ ಎರಡನೆಯದನ್ನು ಮರ್ಲ್ ಇಪ್ಪತ್ತೈದು ವರ್ಷ ಹುಡುಕಿದ್ದ. ಈಗ ಕಣ್ಣೆದುರೇ ಕೂತಿತ್ತು. ಕೇಳಿದಷ್ಟು ಕೊಟ್ಟು ಜೇಬಿಗಿಳಿಸಿದ.

ಎರಡನೇ ಸಾಲಿನಲ್ಲಿ ಇನ್ನೊಂದು 4417 ಸಿಕ್ಕಿತು. ಕಾಫಿ ಮಾರುವವಳ ಪಕ್ಕ ಮತ್ತೊಂದು. ಕಕ್ಕಸಿನ ಬಾಗಿಲಲ್ಲಿ ಟೇಬಲ್ ಹಾಕಿದವನ ಹತ್ತಿರ ನಾಲ್ಕನೆಯದು! ಮರ್ಲ್‌ನ ಕಿವಿ ಹೇಗೆ ಕಾದಿತ್ತೆಂದರೆ, ಪಕ್ಕದವನು ಅದರಲ್ಲೇ ಸಿಗಾರ್ ಹಚ್ಚಿಕೊಂಡ.

"ಲೋ, ಒಂದು ಪಿಸ್ತೂಲಿಗೆ ಎಷ್ಟು ಮ್ಯಾಗಜೀನ್ರೋ? ಆ ಜರ್ಮನಿಯೋನು ಕತ್ತೆ ಮೇಲೆ ಹೇರ್ಕೊಂಡು ಯುದ್ಧಕ್ಕೆ ಹೋಗಿದ್ನಾ?" ಅಂತ ಅರಚಿದ ಮರ್ಲ್.

ಹಳೇ ವ್ಯಾಪಾರಿ ಓರಿನ್ ಟಬ್ಸ್ ಕಿಸಕ್ಕನೆ ನಕ್ಕ. "ನಮ್ಮಲ್ಲಿ ಯಾರಾದ್ರೂ ಪೂರ್ತಿ ನಂಬರ್ ಬಾಯಿ ಬಿಡ್ತಾರೇನೋ ಮರ್ಲಣ್ಣಾ? ಹೋದ ಸಂತೇಲಿ '4417 ಬೇಕಾಗಿದೆ' ಅಂತ ಕಾರ್ಡು ಮಾಡಿಸಿ ಊರಿಗೆಲ್ಲಾ ಹಂಚಿದ್ಯಲ್ಲ. ಖೋಟಾ ಮಾಡೋರಿಗೆ ಇನ್ನೇನು ಬೇಕು?"

ಮಾತು ನಿಜ. ಅದಕ್ಕೇ ಮರ್ಲ್‌ಗೆ ಸಿಟ್ಟು ನೆತ್ತಿಗೇರಿತು. ಟಬ್ಸ್‌ನ ಟೇಬಲ್ ಮೇಲಿದ್ದ ಸುತ್ತಿಗೆ ಎತ್ತಿಕೊಂಡ. ನಾಲ್ಕನ್ನೂ ತಂದು ಸಿಮೆಂಟ್ ನೆಲದ ಮೇಲೆ ಸಾಲಾಗಿಟ್ಟು ಜಜ್ಜಿದ. ಯಾರೂ ತಡೆಯಲಿಲ್ಲ, ತಡೆದರೆ "ಇದು ನಂದು" ಅನ್ನಬೇಕಲ್ಲ!

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬಳು ಮುದುಕಿ ಬಂದಳು. "ಏನಪ್ಪಾ, ಈ 4417ರ ಕಾರ್ಡು ನಿಂದೇನಾ? ನನ್ನ ಹತ್ರಾನೂ ಒಂದು…"

"ನಿನ್ನ ಹತ್ರಾನೂನಾ!" ಮರ್ಲ್ ಕಿತ್ತುಕೊಂಡ. ಸುತ್ತಿಗೆ ಏಟು ಬಿತ್ತು.

ಮರದ ತಳ ಎರಡು ಹೋಳಾಯಿತು. ಆಮೇಲೆ ಕಂಡಿತು. ಉಳಿದ ನಾಲ್ಕರಲ್ಲಿ ಅಂಕಿಗಳ ಗೀರಿನೊಳಗೆ ಮರ ಇನ್ನೂ ಹಸಿಹಸಿ ಬೆಳ್ಳಗಿತ್ತು. ಇದರ ಅಂಕಿಗಳಲ್ಲಿ ಯುದ್ಧಕಾಲದ ಎಣ್ಣೆಜಿಡ್ಡು ಕಪ್ಪಗೆ ಕಲ್ಲಾಗಿ ಕೂತಿತ್ತು.

"ಮಾರಕ್ಕೆ ಬಂದಿದ್ದಲ್ಲಪ್ಪಾ," ಅಂದಳು ಮುದುಕಿ. "ನಿಮ್ಮಜ್ಜ, ನಮ್ಮಪ್ಪ ಒಂದೇ ಪಡೇಲಿದ್ರು. ನೆನಪಿಗೆ ಅಂತ ಒಂದೊಂದು ಇಟ್ಕೊಂಡಿದ್ರು. ಜೋಡಿ ಮಾಡಿ ಕೊಡೋಣಾಂತ ಬಂದೆ."

ಆ ಎರಡು ಹೋಳು ಈಗ ನನ್ನ ಹತ್ತಿರವೇ ಇವೆ. ನಂಬಿಕೆ ಇಲ್ಲವಾ? ತೋರಿಸುತ್ತೇನೆ. ಮೊದಲು ನಿಮ್ಮ ಕೈಯಲ್ಲಿರೋ ಸುತ್ತಿಗೆ ಕೆಳಗಿಡಿ.