ಒಂದು ಸೈಜ್ ದೊಡ್ಡದು

ಕಾಯಿಲೆಗೆ ಔಷಧಿ ಸಿಗುವವರೆಗೆ ಅಂತ ವರ್ಷಗಟ್ಟಲೆ ನಿದ್ದೆಯಲ್ಲೇ ಮಲಗಿಸಿಟ್ಟ ಮಕ್ಕಳನ್ನು ಆಸ್ಪತ್ರೆಯವರು ವರ್ಷಕ್ಕೊಂದು ಮಧ್ಯಾಹ್ನ ಎಬ್ಬಿಸಿ ಕೊಡುತ್ತಾರೆ. ಈ ಸಲವೂ ನಮ್ಮ ಮಗ ಸುಹಾಸನನ್ನು ಕೆರೆ ಏರಿಗೆ ಪಿಕ್ನಿಕ್ಕಿಗೆ ಕರೆದುಕೊಂಡು ಹೋದೆವು. ಚಾಪೆ, ಚಿತ್ರಾನ್ನ, ಚೆಂಡು, ಅವನಿಗೊಂದು ಹೊಸ ಅಂಗಿ.

"ಏನೇ ವಾರಿಜಾ, ಮತ್ತೆ ದೊಡ್ಡದು ತಂದಿದ್ದೀಯಲ್ಲ!" ಎಂದರು ನಮ್ಮ ಯಜಮಾನರು.

ಏನು ಮಾಡಲಿ? ಬೆಳೆಯೋ ಮಕ್ಕಳಿಗೆ ಒಂದು ಸೈಜ್ ದೊಡ್ಡದೇ ತೆಗೆದುಕೊಂಡು ಅಭ್ಯಾಸ. ಆ ನಿದ್ದೆಯಲ್ಲಿ ಮಲಗಿದವರು ಬೆಳೆಯುವುದಿಲ್ಲ. ಐದು ವರ್ಷದಿಂದಲೂ ಅವನಿಗೆ ನಾಲ್ಕೇ ವರ್ಷ.

ನಾನು ಅವನ ಅಂಗಿಯ ಒಂದು ತೋಳು ಮಡಚತೊಡಗಿದೆ.

"ಮುಂದಿನ ವರ್ಷ ಸರಿಯಾಗುತ್ತೆ ಅಲ್ವಾಮ್ಮಾ?" ಎಂದ. ಹಿಂದೆಲ್ಲ ನಾನೇ ಹೇಳುತ್ತಿದ್ದ ಮಾತು.

ಅವನ ತಂಗಿ ಇಂಚರಾಗೆ ಈಗ ಏಳು. ಅವಳು ಬಗ್ಗಿ ಇನ್ನೊಂದು ತೋಳು ಮಡಚಿದಳು.

"ಹೂಂ ಅಣ್ಣಾ, ಸರಿಯಾಗುತ್ತೆ."